ಬಾರ್ಲಿಯ ಸಂಶೋಧನೆ ಮಲೆನಾಡಿನ ಗದ್ದೆಗೆ ಕಲಿಸುವ ಪಾಠ

(ಯಲ್ಲಾಪುರ ತಾಲೂಕಿನ ಚಂದಗುಳಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಘಂಟೆ ಗಣಪತಿಯ ಈ ಊರಿನಲ್ಲಿ ಬಾರ್ಲಿಯ ಕುರಿತು ಉಪನ್ಯಾಸವೆಂದರೆ ಯಾರಿಗಾದರೂ ಆಶ್ಚರ್ಯವಾದೀತು. ಚಂದಗುಳಿಯ ಗದ್ದೆಗಳಲ್ಲಿ ಬೆಳೆಯುವುದು ಭತ್ತ, ತೋಟಗಳಲ್ಲಿ ಬೆಳೆಯುವುದು ಅಡಿಕೆ, ಏಲಕ್ಕಿ, ಕಾಳುಮೆಣಸು. ಬಾರ್ಲಿ ಎಂಬುದು ಇಲ್ಲಿನ ಮನೆಗಳಿಗೆ ಬರುವುದು ಎರಡೇ ದಾರಿಯಿಂದ: ಉರಿಮೂತ್ರಕ್ಕೆ ಕುಡಿಯುವ ಬಾರ್ಲಿ ನೀರಾಗಿ, ಇಲ್ಲವೇ ಹೋಮಕ್ಕೆ ಬೇಕಾದ ಯವವಾಗಿ. ಹಳೆಯ ತಲೆಮಾರಿನವರು ಅದನ್ನು ಜವೆಗೋಧಿ ಎಂದೂ ಕರೆಯುತ್ತಾರೆ.

ಹಾಗಿದ್ದರೂ ಬಾರ್ಲಿಯನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಮನುಷ್ಯನು ಮೊದಲಿಗೆ ಸಾಗುವಳಿ ಮಾಡಿದ ಧಾನ್ಯಗಳಲ್ಲಿ ಬಾರ್ಲಿಯೂ ಒಂದು. ಅದರ ಮೇಲೆ ನಡೆದಷ್ಟು ದೀರ್ಘಕಾಲದ, ನಿರಂತರವಾದ ಸಂಶೋಧನೆ ಕೆಲವೇ ಬೆಳೆಗಳ ಮೇಲೆ ನಡೆದಿದೆ. ಮಣ್ಣು ಹೇಗೆ ಬಡವಾಗುತ್ತದೆ, ಹೇಗೆ ಮರಳಿ ಸಮೃದ್ಧವಾಗುತ್ತದೆ, ರೋಗ ಹೇಗೆ ಹರಡುತ್ತದೆ, ಯಾವ ಬೀಜ ಯಾವ ನೆಲಕ್ಕೆ ಒಗ್ಗುತ್ತದೆ, ಅದನ್ನು ಆರಿಸಬೇಕಾದವರು ಯಾರು ಎಂಬ ಪ್ರಶ್ನೆಗಳಿಗೆ ಬಾರ್ಲಿಯ ಹೊಲಗಳಲ್ಲಿ ಒಂದೂವರೆ ಶತಮಾನಕ್ಕೂ ಮೀರಿದ ಅನುಭವ ದಾಖಲಾಗಿದೆ. ಅದೇ ಪ್ರಶ್ನೆಗಳು ಇಂದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಭತ್ತದ ಗದ್ದೆಯ ಮುಂದಿವೆ. ಗದ್ದೆಗಳು ಒಂದೊಂದಾಗಿ ತೋಟಗಳಾಗುತ್ತಿರುವ, ಇಲ್ಲವೇ ಬೀಳು ಬೀಳುತ್ತಿರುವ ಈ ಕಾಲದಲ್ಲಿ ಅವುಗಳಿಗೆ ಉತ್ತರ ಹುಡುಕುವುದು ತುರ್ತಿನ ಕೆಲಸ.

ಬಾರ್ಲಿ ಇಲ್ಲಿ ಏಕೆ ಬೆಳೆಯದು?

ಮೊದಲು ಈ ಪ್ರಶ್ನೆಯನ್ನೇ ಕೇಳಿಕೊಳ್ಳುವುದು ಒಳ್ಳೆಯದು. ಏಕೆಂದರೆ ಇದರ ಉತ್ತರದಲ್ಲಿ ಮಲೆನಾಡಿನ ಮಣ್ಣಿನ ಗುಣವೇ ಅಡಗಿದೆ. ಬಾರ್ಲಿಗೆ ತಂಪಾದ, ಒಣ ಹವೆ ಬೇಕು. ಬೇರಿನ ಬುಡದಲ್ಲಿ ನೀರು ನಿಂತರೆ ಅದು ಹಳದಿಗಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ಹುಳಿಮಣ್ಣನ್ನು ಸಹಿಸದು. ಹೆಚ್ಚು ಮಳೆ ಬೀಳುವ ನೆಲದಲ್ಲಿ ಸುಣ್ಣದಂಶ ತೊಳೆದುಹೋಗಿ ಮಣ್ಣು ಆಮ್ಲೀಯವಾಗುತ್ತದೆ. ಅಂಥ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿದ ರೂಪಕ್ಕೆ ಬಂದು ಬೇರಿನ ತುದಿಯನ್ನೇ ಮೊಂಡು ಮಾಡುತ್ತದೆ. ಧಾನ್ಯದ ಬೆಳೆಗಳಲ್ಲಿ ಈ ವಿಷಕ್ಕೆ ಬೇಗ ಸೋಲುವುದು ಬಾರ್ಲಿ, ಹೆಚ್ಚು ತಾಳಿಕೊಳ್ಳುವುದು ಭತ್ತ.

ಭತ್ತಕ್ಕೆ ಇನ್ನೊಂದು ಅನುಕೂಲವೂ ಇದೆ. ಗದ್ದೆಯಲ್ಲಿ ನೀರು ನಿಲ್ಲಿಸಿದಾಗ ಕೆಲವು ವಾರಗಳಲ್ಲಿ ಮಣ್ಣಿನ ಹುಳಿ ತಾನಾಗಿ ತಗ್ಗಿ ಸಮಸ್ಥಿತಿಯತ್ತ ಸಾಗುತ್ತದೆ, ಅಲ್ಯೂಮಿನಿಯಂ ಕರಗದ ರೂಪಕ್ಕೆ ಮರಳುತ್ತದೆ. ಹಾಳಿ ಕಟ್ಟಿ ನೀರು ನಿಲ್ಲಿಸಿದ ಹಿರಿಯರಿಗೆ ರಸಾಯನಶಾಸ್ತ್ರದ ಹೆಸರುಗಳು ತಿಳಿದಿರಲಿಲ್ಲ. ಆದರೆ ಆ ನೆಲಕ್ಕೆ ತಕ್ಕ ಚಿಕಿತ್ಸೆಯನ್ನು ಅವರು ಕಂಡುಕೊಂಡಿದ್ದರು. ಮಕ್ಕಿಗದ್ದೆಯಲ್ಲಿ ನೀರು ನಿಲ್ಲದೆ ಬೆಳೆ ಸೊರಗುವುದಕ್ಕೂ, ಬೈಲಿನ ತಗ್ಗಿನಲ್ಲಿ ಕಬ್ಬಿಣದ ಕೆಂಪು ಕೆನೆ ಕಟ್ಟಿ ಪೈರಿನ ಎಲೆ ಕಂದಾಗುವುದಕ್ಕೂ ಇದೇ ಮಣ್ಣಿನ ಗುಣವೇ ಕಾರಣ.

ಗೊಬ್ಬರದ ಪಾಠ

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ಜಾನ್ ಬೆನೆಟ್ ಲಾಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ ಎಂಬಿಬ್ಬರು 1843ರಲ್ಲಿ ಕೃಷಿ ಪ್ರಯೋಗಗಳನ್ನು ಆರಂಭಿಸಿದರು. ಅಲ್ಲಿನ ಹೂಸ್‌ಫೀಲ್ಡ್ ಹೊಲದಲ್ಲಿ 1852ರಿಂದ ಇಂದಿನವರೆಗೂ ಬಾರ್ಲಿ ಬಿತ್ತಲಾಗುತ್ತಿದೆ. ಒಂದು ತಾಕಿಗೆ ಏನನ್ನೂ ಕೊಟ್ಟಿಲ್ಲ. ಕೆಲವಕ್ಕೆ ರಾಸಾಯನಿಕ ಗೊಬ್ಬರ ಮಾತ್ರ. ಒಂದು ತಾಕಿಗೆ ಪ್ರತಿ ವರ್ಷ ಹೆಕ್ಟೇರಿಗೆ 35 ಟನ್, ಅಂದರೆ ಎಕರೆಗೆ ಸುಮಾರು 14 ಟನ್ ಕೊಟ್ಟಿಗೆ ಗೊಬ್ಬರ. ಇನ್ನೊಂದು ತಾಕಿನ ಕಥೆ ಎಲ್ಲಕ್ಕಿಂತ ಸ್ವಾರಸ್ಯಕರವಾದದ್ದು: ಅದಕ್ಕೆ 1852ರಿಂದ 1871ರವರೆಗೆ ಇಪ್ಪತ್ತು ವರ್ಷ ಮಾತ್ರ ಕೊಟ್ಟಿಗೆ ಗೊಬ್ಬರ ಹಾಕಿ, ಆಮೇಲೆ ಪೂರ್ತಿ ನಿಲ್ಲಿಸಲಾಯಿತು.

ಗೊಬ್ಬರ ನಿಲ್ಲಿಸಿ ನೂರು ವರ್ಷ ಕಳೆದ ಮೇಲೂ ಆ ತಾಕಿನ ಮಣ್ಣಿನಲ್ಲಿ, ಎಂದೂ ಗೊಬ್ಬರ ಕಾಣದ ತಾಕಿಗಿಂತ ಹೆಚ್ಚು ಸಾವಯವ ಅಂಶ ಉಳಿದಿತ್ತು. ಅಜ್ಜ ಹಾಕಿದ ಗೊಬ್ಬರ ಮರಿಮಗನ ಕಾಲಕ್ಕೂ ನೆಲದಲ್ಲಿರುತ್ತದೆ ಎಂಬುದು ಇಲ್ಲಿ ಅಳತೆಗೆ ಸಿಕ್ಕ ಸತ್ಯ. ಇದರ ಮತ್ತೊಂದು ಮುಖವನ್ನೂ ಮರೆಯಬಾರದು. ಒಂದು ತಲೆಮಾರು ಮಣ್ಣನ್ನು ಬರಿದು ಮಾಡಿದರೆ ಅದನ್ನು ತುಂಬಲು ಹಲವು ದಶಕ ಬೇಕು. ವರ್ಷವರ್ಷವೂ ಗೊಬ್ಬರ ಕಂಡ ತಾಕಿನ ಸಾವಯವ ಅಂಶ ಬರಿದಾದ ತಾಕಿನ ಎರಡು ಪಟ್ಟಿಗೂ ಮೀರಿದೆ. ಆದರೆ ಆ ಮಟ್ಟ ಮುಟ್ಟಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಹಾಗೆಂದು ಗೊಬ್ಬರ ಸುರಿದಷ್ಟೂ ಲಾಭವೆಂದಲ್ಲ. ಅಷ್ಟೊಂದು ಗೊಬ್ಬರ ಬಿದ್ದ ತಾಕಿನಿಂದ ಬೆಳೆ ಬಳಸಲಾರದ ಸಾರಜನಕ ನೀರಿನೊಡನೆ ಕೆಳಗಿಳಿದು ಹೋಗುವುದೂ ಅಲ್ಲಿಯೇ ದಾಖಲಾಗಿದೆ.

ಎರಡನೆಯ ಪ್ರಯೋಗ ಅದೇ ದೇಶದ ವೋಬರ್ನ್‌ನದು. ಅಲ್ಲಿನದು ಮರಳು ಮಿಶ್ರಿತ ಹಗುರ ಮಣ್ಣು. 1876ರಲ್ಲಿ ಆರಂಭವಾದ ಆ ಪ್ರಯೋಗದಲ್ಲಿ ಕೆಲವು ತಾಕುಗಳಿಗೆ ವರ್ಷವರ್ಷವೂ ಅಮೋನಿಯಂ ಸಲ್ಫೇಟ್ ಹಾಕಲಾಯಿತು. ಮೊದಲ ವರ್ಷಗಳಲ್ಲಿ ಬಾರ್ಲಿ ಚೆನ್ನಾಗಿಯೇ ಬಂತು. ಆದರೆ ಸುಮಾರು ಇಪ್ಪತ್ತು ವರ್ಷಗಳಲ್ಲಿ ಮಣ್ಣು ಎಷ್ಟು ಹುಳಿಯಾಯಿತೆಂದರೆ ಬೆಳೆ ಏಳುವುದೇ ನಿಂತುಹೋಯಿತು. ಸುಣ್ಣ ಹಾಕಿದ ಭಾಗದಲ್ಲಿ ಮಾತ್ರ ಬಾರ್ಲಿ ಮತ್ತೆ ಎದ್ದಿತು. ಅಮೋನಿಯಂ ರೂಪದ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುವುದೇ ಇದಕ್ಕೆ ಕಾರಣ.

ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಹುಟ್ಟಿನಿಂದಲೇ ಹುಳಿ. ಮಳೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಗಿಲು. ಇಂಥ ನೆಲದಲ್ಲಿ ಗದ್ದೆಗಾಗಲಿ ತೋಟಕ್ಕಾಗಲಿ ಸುಣ್ಣದ ಲೆಕ್ಕವಿಡದೆ ಯೂರಿಯಾ, ಅಮೋನಿಯಂ ಗೊಬ್ಬರಗಳನ್ನಷ್ಟೇ ಹಾಕುತ್ತ ಹೋಗುವುದೆಂದರೆ ವೋಬರ್ನ್‌ನ ಹಾದಿಯಲ್ಲಿ ನಡೆದಂತೆ. ಹಾಕಿದ ರಂಜಕವನ್ನೂ ಹುಳಿಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂಗಳು ಹಿಡಿದಿಟ್ಟುಕೊಂಡು ಬೆಳೆಗೆ ಬಿಡುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಅದರ ಲೆಕ್ಕಕ್ಕೆ ತಕ್ಕಷ್ಟು ಸುಣ್ಣ ಹಾಕುವುದು ಇಲ್ಲಿ ಐಚ್ಛಿಕವಲ್ಲ, ಮೂಲಭೂತ ಕೆಲಸ.

ಸಾವಯವ ಗೊಬ್ಬರದ ವಿಷಯದಲ್ಲಿ ಉತ್ತರ ಕನ್ನಡಕ್ಕೆ ಒಂದು ಹಿರಿಯ ಪರಂಪರೆಯಿದೆ. ಸೊಪ್ಪಿನಬೆಟ್ಟದ ಹಸಿರು ಸೊಪ್ಪು, ದರಕು, ಕೊಟ್ಟಿಗೆಯ ಹಾಸು, ಗೊಬ್ಬರಗುಂಡಿ ಎಂಬ ಸರಪಳಿ ಕಾಡಿನ ಫಲವತ್ತತೆಯನ್ನು ಗದ್ದೆ ತೋಟಗಳಿಗೆ ಇಳಿಸುವ ವ್ಯವಸ್ಥೆ. ಆದರೆ ಬೆಟ್ಟವೂ ಒಂದು ಹೊಲದಂತೆಯೇ. ಅದರಿಂದ ತೆಗೆಯುತ್ತಲೇ ಹೋಗಿ ಮರಳಿ ಬೆಳೆಯಲು ಬಿಡದಿದ್ದರೆ ಅದೂ ಬರಿದಾಗುತ್ತದೆ. ಗೊಬ್ಬರದ ಗಿಡವನ್ನು ಹಾಳಿಯ ಮೇಲೆ, ಬೇಲಿಯಂಚಿನಲ್ಲಿ ನೆಟ್ಟು ಅದರ ಸೊಪ್ಪನ್ನು ಗದ್ದೆಗೆ ತುಳಿಯುವುದು, ನಟ್ಟಿಗೆ ಮುನ್ನ ಸೆಣಬು ಅಥವಾ ಡಯಂಚ ಬಿತ್ತಿ ಮಣ್ಣಿಗೆ ಸೇರಿಸುವುದು ಬೆಟ್ಟದ ಮೇಲಿನ ಭಾರವನ್ನು ಇಳಿಸುವ ಕ್ರಮಗಳು. ಕೊಟ್ಟಿಗೆಗಳು ಬರಿದಾಗುತ್ತಿರುವ ಊರುಗಳಿಗೆ ಇವು ಇನ್ನಷ್ಟು ಅವಶ್ಯ.

ಬೀಜದ ಪಾಠ

ಬಾರ್ಲಿಗೆ ಬೂದಿರೋಗವೆಂಬ ಶಿಲೀಂಧ್ರ ರೋಗವೊಂದಿದೆ. ಯುರೋಪಿನ ವಿಜ್ಞಾನಿಗಳು ರೋಗನಿರೋಧಕ ತಳಿಗಳನ್ನು ಮಾಡುತ್ತ ಬಂದರು. ಶಿಲೀಂಧ್ರವು ಕೆಲವೇ ವರ್ಷಗಳಲ್ಲಿ ರೂಪ ಬದಲಿಸಿ ಅವನ್ನು ಸೋಲಿಸುತ್ತ ಬಂತು. ಈ ಓಟವನ್ನು ನಿಲ್ಲಿಸಿದ ಗುಣ ದೊರೆತದ್ದು ಇಥಿಯೋಪಿಯದ ನಾಟಿ ಬಾರ್ಲಿಯಲ್ಲಿ. 1937–38ರಲ್ಲಿ ಜರ್ಮನ್ ಸಂಗ್ರಾಹಕರು ಅಲ್ಲಿನ ರೈತರ ಹೊಲಗಳಿಂದ ಬೀಜ ತಂದಿದ್ದರು. ದಶಕಗಳ ಕಾಲ ಸಂಗ್ರಹದಲ್ಲಿದ್ದ ಆ ಬೀಜಗಳಲ್ಲಿ ಕೆಲವಕ್ಕೆ ಶಿಲೀಂಧ್ರವನ್ನು ಎಲೆಯ ಹೊರಗೋಡೆಯಲ್ಲಿಯೇ ತಡೆಯುವ ಶಕ್ತಿಯಿತ್ತು. ಆ ಗುಣವನ್ನು ಹೊತ್ತ ಮೊದಲ ವಾಣಿಜ್ಯ ತಳಿ 1979ರಲ್ಲಿ ಹೊರಬಂತು. ನಾಲ್ಕು ದಶಕ ಕಳೆದರೂ ಶಿಲೀಂಧ್ರಕ್ಕೆ ಆ ಗೋಡೆಯನ್ನು ಒಡೆಯಲು ಸಾಧ್ಯವಾಗಿಲ್ಲ. ಇಥಿಯೋಪಿಯದ ಗುಡ್ಡಗಾಡಿನ ಹೆಸರಿಲ್ಲದ ರೈತರು ತಲೆಮಾರುಗಳ ಕಾಲ ಉಳಿಸಿಕೊಂಡ ಬೀಜ ಯುರೋಪಿನ ಬಾರ್ಲಿಯನ್ನು ಕಾಪಾಡಿತು. ಆ ರೈತರಿಗೆ ಅದರಿಂದ ಏನು ಸಂದಿತು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಇದಕ್ಕೆ ಸಮನಾದ ಉದಾಹರಣೆ ಇಲ್ಲಿಯೇ ಇದೆ. ಮಲೆನಾಡಿನ ಭತ್ತದ ದೊಡ್ಡ ಶತ್ರು ಬೆಂಕಿರೋಗ. ಮೋಡ, ತಂಪು ರಾತ್ರಿ, ಎಲೆಯ ಮೇಲೆ ಬಹುಹೊತ್ತು ನಿಲ್ಲುವ ನೀರು, ಇವುಗಳೊಡನೆ ಮಿತಿಮೀರಿದ ಸಾರಜನಕ ಸೇರಿದರೆ ಅದಕ್ಕೆ ಹಬ್ಬ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವು ಇತ್ತೀಚಿನ ವರ್ಷಗಳಲ್ಲಿ ಹೊರತಂದ ‘ಸಹ್ಯಾದ್ರಿ ಮೇಘ’ ಎಂಬ ಕೆಂಪಕ್ಕಿ ತಳಿಯು ಜ್ಯೋತಿ ತಳಿಯನ್ನು ‘ಅಕ್ಕಲು’ ಎಂಬ ತಳಿಯೊಡನೆ ಕೂಡಿಸಿ ಪಡೆದದ್ದು. ರೋಗ ತಾಳುವ ಗುಣ ಬಂದದ್ದು ಅಕ್ಕಲಿನಿಂದ. ಅಕ್ಕಲು ಉಳಿದಿರದಿದ್ದರೆ ಈ ಮೇಘವೂ ಇರುತ್ತಿರಲಿಲ್ಲ.

ಇಂಥ ಬೀಜಗಳು ಇನ್ನೂ ಇವೆ. ಕುಮಟೆಯ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಉಪ್ಪುನೀರು ನುಗ್ಗಿದರೂ ಬದುಕುವ ಕಗ್ಗ, ವರದಾ ನದಿಯ ನೆರೆಯಲ್ಲಿ ಮುಳುಗಿ ಮತ್ತೆ ಚಿಗುರುವ ನೆರೆಗುಳಿ ಮತ್ತು ಏಡಿಕುಣಿ, ಪರಿಮಳಕ್ಕೆ ಹೆಸರಾದ ಜೀರಿಗೆಸಣ್ಣ ಇವೆಲ್ಲ ಯಾವ ಪ್ರಯೋಗಾಲಯದಲ್ಲಿಯೂ ಹುಟ್ಟಿದವಲ್ಲ. ಮಳೆಯ ಕ್ರಮ ತಪ್ಪುತ್ತಿರುವ, ಒಂದೇ ವಾರದಲ್ಲಿ ತಿಂಗಳ ಮಳೆ ಸುರಿಯುವ ಈ ಕಾಲದಲ್ಲಿ ಅವುಗಳ ಗುಣಗಳಿಗೆ ಬೆಲೆ ಹೆಚ್ಚುತ್ತಲೇ ಇದೆ.

ಬೀಜವನ್ನು ಎಲ್ಲಿ ಕಾಪಾಡಬೇಕು ಎಂಬುದಕ್ಕೂ ಬಾರ್ಲಿಯಲ್ಲಿ ಉತ್ತರವಿದೆ. ಸಿರಿಯ ದೇಶದ ಅಲೆಪ್ಪೊ ನಗರದ ಬಳಿ ಒಣಭೂಮಿ ಕೃಷಿಯ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರವೊಂದಿತ್ತು. 1977ರಲ್ಲಿ ಸ್ಥಾಪನೆಯಾದ ಇಕಾರ್ಡಾ ಎಂಬ ಆ ಸಂಸ್ಥೆಯ ಬೀಜಭಂಡಾರದಲ್ಲಿ ಬಾರ್ಲಿ, ಗೋಧಿ, ದ್ವಿದಳ ಧಾನ್ಯಗಳ ಅಪಾರ ಸಂಗ್ರಹವಿತ್ತು. ಅಂತರ್ಯುದ್ಧ ಆರಂಭವಾದಾಗ ವಿಜ್ಞಾನಿಗಳು ಅಲ್ಲಿಂದ ಹೊರಡಬೇಕಾಯಿತು. ಆದರೆ ಬೀಜಗಳ ಪ್ರತಿಗಳನ್ನು ಅವರು ಮೊದಲೇ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪದ ಹಿಮಗುಡ್ಡದೊಳಗೆ 2008ರಲ್ಲಿ ತೆರೆದ ಭಂಡಾರದಲ್ಲಿ ಇಟ್ಟಿದ್ದರು. 2015ರಲ್ಲಿ ಅವನ್ನು ಹೊರತೆಗೆದು ಲೆಬನಾನ್ ಮತ್ತು ಮೊರಾಕೊಗಳಲ್ಲಿ ಮತ್ತೆ ಬಿತ್ತಿ ಹೆಚ್ಚಿಸಲಾಯಿತು. ಆ ಭಂಡಾರದಿಂದ ಬೀಜ ಮರಳಿ ಪಡೆದ ಮೊದಲ ಸಂದರ್ಭವದು.

ಒಂದೇ ಕಡೆ ಇಟ್ಟ ಬೀಜ ಒಂದೇ ಆಪತ್ತಿಗೆ ನಾಶವಾಗಬಲ್ಲದು. ಇದು ಜಾಗತಿಕ ಭಂಡಾರಕ್ಕೆ ಎಷ್ಟು ಸತ್ಯವೋ ಊರಿನ ಒಂದು ಮನೆಯ ಅಟ್ಟಕ್ಕೂ ಅಷ್ಟೇ ಸತ್ಯ. ಮಲೆನಾಡಿನ ತೇವದಲ್ಲಿ ಬಿತ್ತದೆ ಇಟ್ಟ ಭತ್ತ ಕೆಲವೇ ವರ್ಷಗಳಲ್ಲಿ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಒಂದು ತಳಿ ಕನಿಷ್ಠ ಮೂರು ಮನೆಗಳಲ್ಲಿ, ಮೂರು ಗದ್ದೆಗಳಲ್ಲಿ ಇರಬೇಕು. ವರ್ಷ ಬಿಟ್ಟು ವರ್ಷವಾದರೂ ಬಿತ್ತನೆಯಾಗಬೇಕು. ಶೀತಲ ಭಂಡಾರ ಬೀಜವನ್ನು ಉಳಿಸುತ್ತದೆ. ಬದಲಾಗುವ ಹವಾಮಾನಕ್ಕೆ ಅದನ್ನು ಒಗ್ಗಿಸುವುದು ಗದ್ದೆಯೊಂದೇ.

ಮಿಶ್ರಣದ ಪಾಠ

ರೋಗದ ವಿಷಯದಲ್ಲಿ ಬಾರ್ಲಿಯಿಂದ ಕಲಿಯಬಹುದಾದ ಇನ್ನೊಂದು ಸಂಗತಿ ಅತ್ಯಂತ ಸರಳವಾದದ್ದು. ಹಿಂದಿನ ಪೂರ್ವ ಜರ್ಮನಿಯಲ್ಲಿ 1980ರ ದಶಕದಲ್ಲಿ ಶಿಲೀಂಧ್ರನಾಶಕಗಳ ಕೊರತೆಯಿತ್ತು. ಅಲ್ಲಿ ಬೇರೆ ಬೇರೆ ನಿರೋಧಕ ಗುಣವುಳ್ಳ ಬಾರ್ಲಿ ತಳಿಗಳನ್ನು ಬೆರೆಸಿ ಒಂದೇ ಹೊಲದಲ್ಲಿ ಬಿತ್ತುವ ಪದ್ಧತಿ ಜಾರಿಗೆ ಬಂತು. ದಶಕದ ಕೊನೆಯ ವೇಳೆಗೆ ಅದು ಸುಮಾರು ಮೂರು ಲಕ್ಷ ಹೆಕ್ಟೇರಿಗೆ ಹರಡಿತು. ಬೂದಿರೋಗ ಬಹುಮಟ್ಟಿಗೆ ತಗ್ಗಿತು. ಒಂದು ಗಿಡದಿಂದ ಹೊರಟ ರೋಗದ ಬೀಜಾಣು ಪಕ್ಕದ ಗಿಡದ ಮೇಲೆ ಬಿದ್ದಾಗ ಅದು ಬೇರೆ ತಳಿಯದಾಗಿದ್ದರೆ ಅಲ್ಲಿಯೇ ಸಾಯುತ್ತದೆ, ಅಷ್ಟೇ. 1990ರಲ್ಲಿ ಜರ್ಮನಿ ಒಂದಾದ ಮೇಲೆ ಮಾಲ್ಟ್ ಕೊಳ್ಳುವವರು ಒಂದೇ ತಳಿಯ ಶುದ್ಧ ಧಾನ್ಯವನ್ನು ಕೇಳಿದರು, ಪದ್ಧತಿ ಕೈಬಿಟ್ಟುಹೋಯಿತು. ಸೋತದ್ದು ವಿಜ್ಞಾನವಲ್ಲ, ಮಾರುಕಟ್ಟೆ ಅದನ್ನು ಒಪ್ಪಲಿಲ್ಲ.

ಅದೇ ತತ್ವ ಭತ್ತಕ್ಕೂ ಅನ್ವಯಿಸುತ್ತದೆಂಬುದನ್ನು ಚೀನದ ಯುನ್ನಾನ್ ಪ್ರಾಂತ ತೋರಿಸಿತು. ಅಲ್ಲಿನ ರೈತರಿಗೆ ಅಂಟಕ್ಕಿಯ ನಾಟಿ ಭತ್ತ ಬೇಕು, ಅದಕ್ಕೆ ಬೆಲೆಯೂ ಹೆಚ್ಚು; ಆದರೆ ಬೆಂಕಿರೋಗಕ್ಕೆ ಅದು ಬೇಗ ತುತ್ತಾಗುತ್ತಿತ್ತು. 1998 ಮತ್ತು 1999ರಲ್ಲಿ ಸಾವಿರಾರು ಹೆಕ್ಟೇರುಗಳಲ್ಲಿ, ರೋಗ ತಾಳುವ ಭತ್ತದ ನಾಲ್ಕಾರು ಸಾಲುಗಳ ನಡುವೆ ಅಂಟಕ್ಕಿಯ ಒಂದು ಸಾಲು ನೆಡಲಾಯಿತು. ಅಂಟಕ್ಕಿಯನ್ನೇ ಪ್ರತ್ಯೇಕವಾಗಿ ನೆಟ್ಟ ಗದ್ದೆಗೆ ಹೋಲಿಸಿದರೆ ಅದರ ಮೇಲಿನ ಬೆಂಕಿರೋಗದ ತೀವ್ರತೆ ಶೇಕಡಾ 94ರಷ್ಟು ಕಡಿಮೆಯಾಯಿತು, ಅದರ ಇಳುವರಿ ಶೇಕಡಾ 89ರಷ್ಟು ಹೆಚ್ಚಿತು. ಎರಡು ವರ್ಷಗಳ ನಂತರ ಅಲ್ಲಿ ಶಿಲೀಂಧ್ರನಾಶಕ ಸಿಂಪಡಣೆಯನ್ನೇ ನಿಲ್ಲಿಸಲಾಯಿತು.

ಪರಿಮಳದ ನಾಟಿ ಭತ್ತವನ್ನು ಇಂಥ ಸಾಲುಪದ್ಧತಿಯಲ್ಲಿ ನೆಟ್ಟು ನೋಡಲು ಮಲೆನಾಡಿನಲ್ಲಿ ಯಾವ ಅಡ್ಡಿಯೂ ಇಲ್ಲ. ಸಾಲಿನ ಭತ್ತ ಎತ್ತರವಾಗಿದ್ದರೆ ಕೊಯ್ಲಿನಲ್ಲಿ ಅದನ್ನು ಮೊದಲೇ ಕೈಯಿಂದ ಬೇರ್ಪಡಿಸಬಹುದು. ಯುನ್ನಾನಿನ ರೈತರೂ ಹಾಗೆಯೇ ಮಾಡಿದರು. ಕೂಲಿಯ ಲೆಕ್ಕವನ್ನು ಮಾತ್ರ ಮರೆಯದೆ ಬರೆದಿಡಬೇಕು.

ಆರಿಸುವವರು ಯಾರು?

ಈಗ ಅತ್ಯಂತ ಮುಖ್ಯವಾದ ಪ್ರಶ್ನೆಗೆ ಬರೋಣ. ಸಂಶೋಧನಾ ಕೇಂದ್ರದ ಹೊಲ ಸಮತಟ್ಟು. ಅಲ್ಲಿ ಗೊಬ್ಬರ, ನೀರು, ಕಳೆ ತೆಗೆಯುವ ಕೈಗಳು ಎಲ್ಲವೂ ಇವೆ. ಅಲ್ಲಿ ಗೆದ್ದ ತಳಿ ರೈತನ ಬಡ ಹೊಲದಲ್ಲಿಯೂ ಗೆಲ್ಲುವುದೇ?

ಸಿರಿಯದ ಒಣಭೂಮಿಯಲ್ಲಿ ಇಕಾರ್ಡಾದ ಬಾರ್ಲಿ ತಳಿವಿಜ್ಞಾನಿ ಸಾಲ್ವತೋರೆ ಚೆಕ್ಕರೆಲ್ಲಿ ಮತ್ತು ಅವರ ಸಂಗಡಿಗರು ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದರು. ಸಮೃದ್ಧ ಪರಿಸ್ಥಿತಿಯಲ್ಲಿ ಮುಂದಿದ್ದ ತಳಿಗಳು ಬರದ ಹೊಲದಲ್ಲಿ ಹಿಂದೆ ಬೀಳುವುದು ಅವರಿಗೆ ಕಂಡಿತು. 1990ರ ದಶಕದ ಮಧ್ಯಭಾಗದಲ್ಲಿ ಅವರು ಸುಮಾರು 200 ಬಾರ್ಲಿ ತಳಿಗಳನ್ನು ಎರಡು ಸಂಶೋಧನಾ ಕೇಂದ್ರಗಳ ಜೊತೆಗೆ ಒಂಬತ್ತು ಹಳ್ಳಿಗಳ ರೈತರ ಹೊಲಗಳಲ್ಲಿ, ರೈತರದೇ ಸಾಗುವಳಿ ಕ್ರಮದಲ್ಲಿ ಬಿತ್ತಿದರು. ಆರಿಸುವ ಕೆಲಸವನ್ನು ರೈತರಿಗೂ ವಿಜ್ಞಾನಿಗಳಿಗೂ ಪ್ರತ್ಯೇಕವಾಗಿ ಒಪ್ಪಿಸಿದರು. ನೂರಾರು ತಳಿಗಳ ನಡುವೆ ಉತ್ತಮ ಇಳುವರಿಯವನ್ನು ಗುರುತಿಸುವುದರಲ್ಲಿ ರೈತರು ವಿಜ್ಞಾನಿಗಳಿಗೆ ಕಡಿಮೆಯಾಗಲಿಲ್ಲ. ಜೊತೆಗೆ ವಿಜ್ಞಾನಿಗಳು ಅಷ್ಟಾಗಿ ಗಮನಿಸದಿದ್ದ ಗುಣಗಳನ್ನೂ ಅವರು ನೋಡಿದರು: ಬರದ ವರ್ಷದಲ್ಲಿಯೂ ಕೊಯ್ಯಲು ಸಿಗುವಷ್ಟು ಎತ್ತರ, ಕುರಿಗಳು ಮೆಲ್ಲಬಲ್ಲ ಮೃದುವಾದ ಹುಲ್ಲು.

ಭಾರತದಲ್ಲಿಯೂ ಈ ವಿವೇಕದ ಉದಾಹರಣೆಗಳಿವೆ. ಹರಿಯಾಣದ ಕರ್ನಾಲ್‌ನಲ್ಲಿರುವ ಭಾರತೀಯ ಗೋಧಿ ಮತ್ತು ಬಾರ್ಲಿ ಸಂಶೋಧನಾ ಸಂಸ್ಥೆ ಈ ಬೆಳೆಯ ರಾಷ್ಟ್ರೀಯ ಯೋಜನೆಯನ್ನು ನಡೆಸುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಆ ಯೋಜನೆಯ ಕೇಂದ್ರಗಳಲ್ಲೊಂದು. ಈ ಯೋಜನೆಯಡಿ ಮೇವಿಗೂ ಕಾಳಿಗೂ ಒದಗುವ ಬಾರ್ಲಿ ತಳಿಗಳನ್ನು ಗುರುತಿಸಲಾಗಿದೆ. ಬಿತ್ತಿದ 50–55 ದಿನಕ್ಕೆ ಒಮ್ಮೆ ಹಸಿರು ಮೇವು ಕೊಯ್ದರೆ ಬೆಳೆ ಮತ್ತೆ ಚಿಗುರಿ ಕಾಳು ಕೊಡುತ್ತದೆ. ರಾಜಸ್ಥಾನದ ಆರ್.ಡಿ. 2035 ಅಂಥದೊಂದು ತಳಿ. ಹಿಮಾಲಯದ ಗುಡ್ಡಗಳಲ್ಲಿ ಬಾರ್ಲಿ ಹಿಟ್ಟೇ ಆಹಾರವಾದ್ದರಿಂದ ಅಲ್ಲಿಗಾಗಿ ಸಿಪ್ಪೆ ತಾನಾಗಿ ಕಳಚುವ ಬಾರ್ಲಿಯನ್ನು ಬೆಳೆಸಲಾಗಿದೆ. ಮಾಲ್ಟಿಗೆ ಬೇಕಾದ ಗುಣ ಬೇರೆ, ಗುಡ್ಡದ ಮನೆಯ ಹಿಟ್ಟಿಗೆ ಬೇಕಾದ ಗುಣ ಬೇರೆ ಎಂಬುದನ್ನು ಸಂಶೋಧನೆ ಅಲ್ಲಿ ಗುರುತಿಸಿದೆ.

ಮಲೆನಾಡಿನ ರೈತನಿಗೂ ಭತ್ತವೆಂದರೆ ಅಕ್ಕಿ ಮಾತ್ರವಲ್ಲ, ಹುಲ್ಲು ಕೂಡ. ಗಿಡ್ಡ ತಳಿಗಳು ಬಂದಾಗ ಕಾಳು ಹೆಚ್ಚಿತು, ಹುಲ್ಲು ಕಡಿಮೆಯಾಯಿತು. ಹುಲ್ಲು ಕಡಿಮೆಯಾದಾಗ ಕೊಟ್ಟಿಗೆ ಸೊರಗಿತು. ಕೊಟ್ಟಿಗೆ ಸೊರಗಿದಾಗ ಗೊಬ್ಬರ ಕಡಿಮೆಯಾಯಿತು. ಇಳುವರಿಯ ಪಟ್ಟಿಯಲ್ಲಿ ಹುಲ್ಲಿಗೆ ಕಾಲಂ ಇಲ್ಲದಿದ್ದರೆ ಈ ನಷ್ಟ ಯಾರ ಕಣ್ಣಿಗೂ ಬೀಳದು. ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವಿದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ಧಾರವಾಡದ ಬಳಿಯ ಮುಗದದ ಕೇಂದ್ರ ಬಹುಹಿಂದೆಯೇ ಸ್ಥಳೀಯ ತಳಿಗಳಿಂದ ಆಯ್ದು ಮುಗದ 141ರಂಥ ಭತ್ತಗಳನ್ನು ಕೊಟ್ಟಿತ್ತು. ಅಂದರೆ ಸಂಸ್ಥೆಗಳು ದೂರದಲ್ಲಿಲ್ಲ. ಅವುಗಳ ಪ್ರಯೋಗಗಳು ರೈತರ ಗದ್ದೆಗೆ ಬರಲಿ, ಆರಿಸುವಾಗ ಗದ್ದೆಯ ಒಡೆಯನೂ, ಅನ್ನ ಬೇಯಿಸುವ ಒಡತಿಯೂ ಅಲ್ಲಿರಲಿ ಎಂದು ಕೇಳುವುದು ಮಾತ್ರ ಬಾಕಿಯಿದೆ. 1981ರಲ್ಲಿ ಶಿರಸಿಯಲ್ಲಿ ನಡೆದ ಬೇಡ್ತಿ ವಿಚಾರಸಂಕಿರಣದಲ್ಲಿ ವಿಜ್ಞಾನಿಗಳೂ ರೈತರೂ ಒಟ್ಟಿಗೆ ಕುಳಿತು ಒಂದು ದೊಡ್ಡ ಯೋಜನೆಯ ಲಾಭನಷ್ಟಗಳನ್ನು ಪರಿಶೀಲಿಸಿದ್ದರು. ನದಿಗೆ ಸಾಧ್ಯವಾದದ್ದು ಗದ್ದೆಗೂ ಸಾಧ್ಯ.

ಇಳುವರಿ ಒಂದೇ ಸಾಲದು

ಇಲ್ಲಿ ಒಂದು ಕಹಿಸತ್ಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1950ರ ದಶಕದಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಹೆಕ್ಟೇರು ಬಾರ್ಲಿ ಇತ್ತು. ಈಗ ಇರುವುದು ಸುಮಾರು 6 ಲಕ್ಷ ಹೆಕ್ಟೇರಿನ ಆಸುಪಾಸು. ಇದೇ ಅವಧಿಯಲ್ಲಿ ಹೆಕ್ಟೇರಿನ ಇಳುವರಿ ಒಂದು ಟನ್ನಿಗಿಂತ ಕೆಳಗಿದ್ದದ್ದು ಮೂರು ಟನ್ನಿನ ಹತ್ತಿರಕ್ಕೆ ಏರಿತು. ಸಂಶೋಧನೆ ತನ್ನ ಕೆಲಸ ಮಾಡಿತು. ಆದರೂ ಬೆಳೆ ಕುಗ್ಗಿತು. ನೀರಾವರಿ ಬಂದಲ್ಲಿ ಗೋಧಿ ಬಂತು. ಗೋಧಿಗೆ ಸರ್ಕಾರದ ಖರೀದಿಯಿತ್ತು, ಬಾರ್ಲಿಗೆ ಅಂಥ ಖಾತ್ರಿ ಇರಲಿಲ್ಲ. ಇಳುವರಿ ಹೆಚ್ಚಿಸಿದ ಮಾತ್ರಕ್ಕೆ ಬೆಳೆ ಉಳಿಯುವುದಿಲ್ಲ.

ಮಲೆನಾಡಿನ ಭತ್ತದ ಗದ್ದೆಗೂ ಇದೇ ಸ್ಥಿತಿ. ಅಡಿಕೆಯ ಬೆಲೆಯ ಮುಂದೆ ಭತ್ತದ ಲೆಕ್ಕ ನಿಲ್ಲುವುದಿಲ್ಲ. ನಟ್ಟಿಗೆ, ಕೊಯ್ಲಿಗೆ ಜನ ಸಿಗುವುದಿಲ್ಲ. ಕಾಡುಹಂದಿ, ಮಂಗ, ನವಿಲುಗಳಿಂದ ಉಳಿದದ್ದಷ್ಟೇ ಮನೆಗೆ. ಈ ಸ್ಥಿತಿಯಲ್ಲಿ ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಸಸಿ ನೆಟ್ಟವರನ್ನು ದೂಷಿಸುವುದು ಅನ್ಯಾಯ. ಆದರೆ ಲೆಕ್ಕವನ್ನು ಪೂರ್ತಿ ಮಾಡಬೇಕು. ಹಾಳಿಯಿಂದ ಹಾಳಿಗೆ ಇಳಿಯುವ ಗದ್ದೆ ಮಳೆನೀರನ್ನು ತಡೆದು ನಿಲ್ಲಿಸುತ್ತದೆ, ಕೆಳಗಿನ ಬಾವಿಗೆ, ಹಳ್ಳಕ್ಕೆ ಇಂಗಿಸುತ್ತದೆ. ಬಸಿಗಾಲುವೆ ತೆಗೆದ ತೋಟ ಅದೇ ನೀರನ್ನು ಆದಷ್ಟು ಬೇಗ ಹೊರಗಟ್ಟುತ್ತದೆ. ಎಲೆಚುಕ್ಕಿ ರೋಗ ಈಚಿನ ವರ್ಷಗಳಲ್ಲಿ ಮಲೆನಾಡಿನ ಅಡಿಕೆ ತೋಟಗಳನ್ನು ಕಾಡಿದ ಬಗೆ ಎಲ್ಲರ ಕಣ್ಣಮುಂದಿದೆ. ಒಂದೇ ಬೆಳೆಯ ಮೇಲೆ ಇಡೀ ಊರಿನ ಬದುಕು ನಿಂತಾಗ ಒಂದು ಶಿಲೀಂಧ್ರ ಸಾಕು.

ಆದ್ದರಿಂದ ಸಂಶೋಧನೆಗೆ ಕೇಳಬೇಕಾದ ಪ್ರಶ್ನೆ ‘ಎಕರೆಗೆ ಎಷ್ಟು ಕ್ವಿಂಟಲ್’ ಎಂಬಷ್ಟಕ್ಕೆ ನಿಲ್ಲಬಾರದು. ಕಡಿಮೆ ಕೈಗಳಿಂದ ನಡೆಯುವ ನಟ್ಟಿ, ಗುಡ್ಡದ ಕಿರುಗದ್ದೆಗೆ ಹೊಂದುವ ಸಣ್ಣ ಯಂತ್ರ, ನಾಟಿ ಕೆಂಪಕ್ಕಿಗೂ ಪರಿಮಳದ ಅಕ್ಕಿಗೂ ನೇರ ಮಾರುಕಟ್ಟೆ, ಗದ್ದೆ ಹಿಡಿದಿಡುವ ನೀರಿಗೆ ಒಂದು ಮೌಲ್ಯ ಇವೆಲ್ಲ ಸಂಶೋಧನೆಯ ವಿಷಯಗಳೇ.

ಚಂದಗುಳಿಯಲ್ಲಿ ಮಾಡಬಹುದಾದದ್ದು

ದೊಡ್ಡ ಯೋಜನೆಗಾಗಿ ಕಾಯದೆ ಊರಿನ ಮಟ್ಟದಲ್ಲಿ ಆರಂಭಿಸಬಹುದಾದ ನಾಲ್ಕು ಕೆಲಸಗಳಿವೆ.

ಮೊದಲನೆಯದು, ಬೀಜಗಣತಿ. ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಈಗ ಬಿತ್ತುತ್ತಿರುವ, ಹಿಂದೆ ಬಿತ್ತುತ್ತಿದ್ದ ಭತ್ತದ ಹೆಸರುಗಳನ್ನು ಬರೆದುಕೊಳ್ಳಲಿ. ಎಷ್ಟು ದಿನದ ಬೆಳೆ, ಎತ್ತರವೆಷ್ಟು, ಮಕ್ಕಿಗೋ ಬೈಲಿಗೋ, ಹುಲ್ಲು ಹೇಗೆ, ಅನ್ನ ಹೇಗೆ, ಕೊನೆಯದಾಗಿ ಬಿತ್ತಿದ್ದು ಯಾವ ವರ್ಷ ಎಂಬುದು ದಾಖಲಾಗಲಿ. ಅಜ್ಜಿಯರ ನೆನಪು ಈ ಗಣತಿಯ ಮುಖ್ಯ ಆಕರ. ಅದನ್ನು ಮುಂದೂಡಲಾಗದು.

ಎರಡನೆಯದು, ಮಣ್ಣು ಪರೀಕ್ಷೆ ಮತ್ತು ಸುಣ್ಣದ ಲೆಕ್ಕ. ಮಕ್ಕಿ, ಮಧ್ಯದ ಗದ್ದೆ, ಬೈಲು ಈ ಮೂರರ ಮಣ್ಣನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಹಿತವಲ್ಲ.

ಮೂರನೆಯದು, ಗದ್ದೆಯಲ್ಲಿಯೇ ಪ್ರಯೋಗ. ಒಂದೇ ಗದ್ದೆಯನ್ನು ಭಾಗಮಾಡಿ ಒಂದು ಕಡೆ ಎಂದಿನ ಕ್ರಮ, ಇನ್ನೊಂದು ಕಡೆ ಹೊಸ ಕ್ರಮ. ಅದನ್ನೇ ಮೂರು ರೈತರ ಗದ್ದೆಗಳಲ್ಲಿ ಮಾಡಬೇಕು. ಕೊಯ್ಲಿನ ದಿನ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕವನ್ನು ಹಗ್ಗ ಹಿಡಿದು ಅಳೆದು, ಆ ಭಾಗದ ಭತ್ತವನ್ನೂ ಹುಲ್ಲನ್ನೂ ಒಣಗಿಸಿ ತೂಗಬೇಕು. ಬಂದ ತೂಕವನ್ನು 162ರಿಂದ ಗುಣಿಸಿದರೆ ಎಕರೆಯ ಇಳುವರಿ ಸಿಗುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಗೂ ಸಾಧ್ಯವಾದ ಈ ಅಳತೆ ಕೈಯಲ್ಲಿದ್ದರೆ ಸಂಶೋಧನಾ ಕೇಂದ್ರದ ಮುಂದೆ ಊರು ಬೇಡಿಕೆಯೊಡನೆ ಮಾತ್ರವಲ್ಲ, ದಾಖಲೆಯೊಡನೆ ನಿಲ್ಲಬಹುದು.

ನಾಲ್ಕನೆಯದು, ಹಕ್ಕಿನ ಅರಿವು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ರೈತನಿಗೆ ತನ್ನ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ಕೊಟ್ಟಿದೆ. ರೈತರ ತಳಿಯನ್ನು ರೈತರ, ಸಮುದಾಯದ ಹೆಸರಿನಲ್ಲಿಯೇ ನೋಂದಾಯಿಸಲೂ ಅವಕಾಶವಿದೆ. ಇಥಿಯೋಪಿಯದ ರೈತರಿಗೆ ಆ ಕಾಲದಲ್ಲಿ ಇಂಥ ಕಾಯಿದೆ ಇರಲಿಲ್ಲ. ಇಲ್ಲಿ ಇದೆ, ಬಳಸಿಕೊಳ್ಳುವುದು ಊರಿಗೆ ಬಿಟ್ಟದ್ದು.

ಬಾರ್ಲಿಯ ಹೊಲಗಳಲ್ಲಿ ವಿಜ್ಞಾನಿಗಳು ತಲೆಮಾರಿನಿಂದ ತಲೆಮಾರಿಗೆ ಅದೇ ಹೊಲವನ್ನು ಅಳೆದರು, ಅದೇ ಪುಸ್ತಕದಲ್ಲಿ ಬರೆದಿಟ್ಟರು. 1852ರಲ್ಲಿ ಆರಂಭಿಸಿದವರಿಗೆ 1952ರ ಉತ್ತರ ಕಾಣಸಿಗಲಿಲ್ಲ. ಚಂದಗುಳಿಯ ಗದ್ದೆಗೂ ಅಂಥದೊಂದು ಪುಸ್ತಕ ಬೇಕು. ಅದರ ಮೊದಲ ಪುಟವನ್ನು ಈ ಸಭೆಯಲ್ಲಿರುವ ವಿದ್ಯಾರ್ಥಿಗಳು ಬರುವ ಅಗೇಡಿಯ ಹೊತ್ತಿಗೆ ಬರೆಯಲಿ. ಹಿರಿಯರು ಅದಕ್ಕೆ ಬೇಕಾದ ಹೆಸರುಗಳನ್ನೂ ಬೀಜಗಳನ್ನೂ ಕೊಡಲಿ.